ಗೀರಿಲ್ಲದ ನಳಿಗೆ: ಹಳೆಯ ಸೇನಾ ಕೋವಿಗೆ ನ್ಯಾಯದ ಬೆಲೆ ಯಾವುದು?

ಲಂಡನ್ನಿನ ಹರಾಜು ಮನೆಯೊಂದರ ಮೇಜಿನ ಮೇಲೆ ಎರಡು ಕೋವಿಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆಂದು ಭಾವಿಸೋಣ. ಎರಡೂ 1850ರ ದಶಕದ ಕೊನೆಯ ಕಾಲದವು. ಎರಡಕ್ಕೂ 39 ಇಂಚು ಉದ್ದದ ನಳಿಗೆ, ಅದನ್ನು ಮರಕ್ಕೆ ಬಿಗಿದಿಡುವ ಮೂರು ಕಬ್ಬಿಣದ ಪಟ್ಟಿಗಳು, ಬದಿಯ ತಗಡಿನ ಮೇಲೆ ಬ್ರಿಟಿಷ್ ಕಿರೀಟದ ಮುದ್ರೆ. ನೋಡುವವರಿಗೆ ಅವು ಅವಳಿಗಳು. ಆದರೆ ಅನುಭವಿ ವ್ಯಾಪಾರಿಯೊಬ್ಬ ಎರಡರ ಬಾಯಿಯೊಳಗೂ ಸಣ್ಣ ದೀಪವೊಂದನ್ನು ಇಳಿಸಿ ನೋಡಿ, ಮೊದಲನೆಯದನ್ನು ಮತ್ತೆ ಮೇಜಿನ ಮೇಲಿಟ್ಟು, ಎರಡನೆಯದನ್ನು ಪಕ್ಕಕ್ಕೆ ಸರಿಸುತ್ತಾನೆ. ಮೊದಲನೆಯದರ ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಮೂರು ಗೀರುಗಳಿವೆ. ಎರಡನೆಯದರ ಒಳಗೆ ಏನೂ ಇಲ್ಲ, ನೀರಿನ ಕೊಳವೆಯಂತೆ ನುಣುಪು.

ಆ ಗೀರುಗಳಿದ್ದರೆ ಮಾತ್ರ ಅದು ರೈಫಲ್. ಗುಂಡು ಗೀರುಗಳನ್ನು ಹಿಡಿದು ತಿರುಗುತ್ತಾ ಹೊರಬರುವುದರಿಂದ ದೂರದವರೆಗೆ ನೇರವಾಗಿ ಹೋಗುತ್ತದೆ. ಗೀರಿಲ್ಲದ್ದು ಬರಿಯ ಮಸ್ಕೆಟ್. ಆದ್ದರಿಂದ ಮಾರುಕಟ್ಟೆಯಲ್ಲಿ ಎರಡನೆಯದಕ್ಕೆ ಸಾಮಾನ್ಯವಾಗಿ ಕಡಿಮೆ ಬೆಲೆ. ಹೊಸದಾಗಿ ಸಂಗ್ರಹಕ್ಕೆ ಇಳಿದವನಂತೂ ಅದು ಬಳಸಿ ಬಳಸಿ ಸವೆದುಹೋದದ್ದೆಂದು ತಿಳಿದು ಇನ್ನಷ್ಟು ಚೌಕಾಸಿ ಮಾಡುತ್ತಾನೆ. ಅದು ಸವೆದದ್ದಲ್ಲ. ಅದನ್ನು ಹಾಗೆಯೇ ಮಾಡಿದ್ದು, ಭಾರತದ ಸಿಪಾಯಿಗಾಗಿ.

ಹಳೆಯ ಸೇನಾ ಕೋವಿಗೆ ನ್ಯಾಯವಾದ ಬೆಲೆ ಯಾವುದು ಎಂಬುದು ಮೇಲ್ನೋಟಕ್ಕೆ ಶ್ರೀಮಂತರ ಹವ್ಯಾಸದ ಪ್ರಶ್ನೆ. ಆದರೆ ಬೆಲೆ ಕಟ್ಟುವವನು ನೋಡುವ ಒಂದೊಂದು ಗುರುತನ್ನೂ ಹಿಡಿದು ಹೋದರೆ ನಮ್ಮದೇ ಇತಿಹಾಸದ ಕೆಲವು ಪುಟಗಳು ತೆರೆದುಕೊಳ್ಳುತ್ತವೆ.

1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಭಾರತಕ್ಕೆ ಬಂದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ತೋಟಾದ ಕಾಗದಕ್ಕೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿತು. ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಆ ತೋಟಾವನ್ನು ಹಿಂದೂ ಸಿಪಾಯಿಯೂ ಒಲ್ಲೆನೆಂದ, ಮುಸ್ಲಿಮ್ ಸಿಪಾಯಿಯೂ ಒಲ್ಲೆನೆಂದ. ಮೀರತ್‌ನಲ್ಲಿ 1857ರ ಏಪ್ರಿಲ್ 24ರಂದು 85 ಮಂದಿ ಸವಾರರು ತೋಟಾ ಮುಟ್ಟಲು ನಿರಾಕರಿಸಿದರು. ಮೇ 10ರಂದು ದಂಗೆ ಸಿಡಿಯಿತು. ಇದರ ಇನ್ನೊಂದು ಮುಖದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಎನ್‌ಫೀಲ್ಡನ್ನು ಬೇಡವೆಂದ ಸಿಪಾಯಿಗಳು ಯುದ್ಧಕ್ಕಿಳಿದದ್ದು ಬಹುಪಾಲು ತಮ್ಮ ಹಳೆಯ ನುಣುಪು ನಳಿಗೆಯ ಬ್ರೌನ್ ಬೆಸ್ ಮಸ್ಕೆಟ್‌ಗಳೊಂದಿಗೆ. ಆ ಮಸ್ಕೆಟ್‌ನಿಂದ ಸುಮಾರು 100 ಗಜಗಳಾಚೆ ಗುರಿ ಹಿಡಿಯುವುದು ಕಷ್ಟ. ಎದುರಿನ ಬ್ರಿಟಿಷ್ ಸೈನಿಕನ ಎನ್‌ಫೀಲ್ಡಿನ ಗುರಿಪಟ್ಟಿಯಲ್ಲಿ 900 ಗಜಗಳವರೆಗೂ ಗುರುತುಗಳಿದ್ದವು. ಧರ್ಮದ ನೆಪದಲ್ಲಿ ಬಿಟ್ಟುಕೊಟ್ಟ ಕೋವಿಯೇ ಸಿಪಾಯಿಯನ್ನು ದೂರದಿಂದಲೇ ಕೊಂದಿತು ಎಂದು ಕೆಲವರು ವ್ಯಂಗ್ಯವಾಡುವುದುಂಟು. ನನಗೆ ಆ ವ್ಯಂಗ್ಯ ಹಿಡಿಸುವುದಿಲ್ಲ. ಕೊಬ್ಬಿನ ಸಂಶಯ ಹುಟ್ಟಲು ಸಿಪಾಯಿಯ ಮೌಢ್ಯವೊಂದೇ ಕಾರಣವಾಗಿರಲಿಲ್ಲ. ಅವನ ಸಂಬಳ, ಭತ್ತೆ, ಮಾನ, ಊರಿನ ಭೂಮಿ ಎಲ್ಲದರ ವಿಷಯದಲ್ಲೂ ಕಂಪೆನಿ ಸರಕಾರ ಅದಾಗಲೇ ನಂಬಿಕೆ ಕಳೆದುಕೊಂಡಿತ್ತು.

ದಂಗೆ ಅಡಗಿದ ಮೇಲೆ ನಂಬಿಕೆ ಕಳೆದುಕೊಳ್ಳುವ ಸರದಿ ಸರಕಾರದ್ದು. ಪೀಲ್ ಆಯೋಗ ಕುಳಿತು ಇನ್ನು ಮುಂದೆ ಎಷ್ಟು ಮಂದಿ ಭಾರತೀಯ ಸಿಪಾಯಿಗಳಿಗೆ ಎಷ್ಟು ಮಂದಿ ಬಿಳಿಯ ಸೈನಿಕರಿರಬೇಕು ಎಂದು ಲೆಕ್ಕ ಹಾಕಿತು. ಫಿರಂಗಿಗಳು ಬಹುಮಟ್ಟಿಗೆ ಬಿಳಿಯರ ಕೈಗೆ ಹೋದವು. ಸಿಪಾಯಿಯ ಕೈಗೆ ಬಂದದ್ದು ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಕಾಣುವ, ಒಳಗೆ ಗೀರಿಲ್ಲದ ಕೋವಿ. 0.577 ಇಂಚಿನ ನಳಿಗೆಯನ್ನು ಒಳಗಿನಿಂದ ಕೊರೆದು 0.656 ಇಂಚಿಗೆ ಹಿಗ್ಗಿಸಿದರು. ಗೀರುಗಳೆಲ್ಲ ಅಳಿಸಿಹೋದವು. ದೂರಕ್ಕೆ ಏರಿಸಿ ಇಳಿಸುವ ಗುರಿಪಟ್ಟಿಯನ್ನು ತೆಗೆದು ಆ ಜಾಗದಲ್ಲಿ ಕದಲದ ಒಂದು ತುಂಡನ್ನು ಕೂರಿಸಿದರು. ಹೇಗಿದ್ದರೂ ಗುಂಡು ದೂರ ಹೋಗುವಂತಿಲ್ಲವಲ್ಲ!

ಬೆಲೆ ಕಟ್ಟುವವನಿಗೆ ಇಲ್ಲೊಂದು ಸೂಕ್ಷ್ಮವಿದೆ. ಒಳಗಿನಿಂದ ಕೊರೆದದ್ದರಿಂದ ಈ 1858ರ ಮಾದರಿಯ ನಳಿಗೆಯ ಗೋಡೆ ತೀರ ತೆಳುವಾಯಿತು. ನೆಲಕ್ಕೆ ಬಿದ್ದರೆ ತಗ್ಗು, ಬಯೊನೆಟ್ ಸಿಕ್ಕಿಸಿ ಒತ್ತಿದರೆ ಸೊಟ್ಟ. ಹೀಗಾಗಿ ಮುಂದಿನ ವರ್ಷ ಮೊದಲಿನಿಂದಲೇ ದಪ್ಪ ಗೋಡೆಯ ಬೇರೆ ನಳಿಗೆ ಮಾಡಿ 1859ರ ಮಾದರಿ ಹೊರತಂದರು. ಅಂದರೆ ಗೀರಿಲ್ಲದ ಒಂದು ಎನ್‌ಫೀಲ್ಡ್ ಕೈಗೆ ಬಂದರೆ ಅದು ಮೂರರಲ್ಲಿ ಒಂದಾಗಿರಬಹುದು: ರೈಫಲ್ಲಿನ ಗೀರು ಕೊರೆದು ತೆಗೆದದ್ದು, ನುಣುಪಾಗಿಯೇ ತಯಾರಾದದ್ದು, ಇಲ್ಲವೇ ಎಷ್ಟೋ ವರ್ಷಗಳ ನಂತರ ಯಾರೋ ಬೇಟೆಗಾರ ಚರೆ ಹಾರಿಸಲೆಂದು ಕೆಡಿಸಿದ್ದು. ಬಾಯಿಯ ಅಳತೆ, ಗೋಡೆಯ ದಪ್ಪ, ಹಿಂದಿನ ಗುರಿಯ ಆಕಾರ, ಈ ಮೂರನ್ನು ನೋಡಿದರೆ ಉತ್ತರ ಸಿಗುತ್ತದೆ. ಮೂರನೆಯ ಬಗೆಗೆ ಬೆಲೆ ಇಳಿಯಬೇಕಾದದ್ದೇ. ಮೊದಲ ಎರಡಕ್ಕೆ ಇಳಿಸುವುದು ಅನ್ಯಾಯ ಎಂಬುದು ನನ್ನ ವಾದ. ಒಂದು ಸಾಮ್ರಾಜ್ಯ ತನ್ನ ಸೈನಿಕನನ್ನು ಎಷ್ಟು ನಂಬುತ್ತಿತ್ತು ಎಂಬುದನ್ನು ಇಂಚಿನ ಸಾವಿರದ ಭಾಗದವರೆಗೆ ಅಳೆದು ತೋರಿಸುವ ದಾಖಲೆ ಬೇರೆ ಎಲ್ಲಿದೆ?

ಆ ಅಪನಂಬಿಕೆ ಒಂದು ತಲೆಮಾರಿಗೆ ಮುಗಿಯಲಿಲ್ಲ. ಬ್ರಿಟಿಷ್ ಸೈನಿಕನಿಗೆ 1871ರ ಮಾರ್ಟಿನಿ ಹೆನ್ರಿ ಬಂದಾಗ ಭಾರತೀಯ ಸಿಪಾಯಿಗೆ ಅದರ ಹಿಂದಿನ ಸ್ನೈಡರ್. ಅವನಿಗೆ 1888ರ ಲೀ ಮೆಟ್‌ಫರ್ಡ್ ಬಂದ ಮೇಲೆ ಇವನಿಗೆ ಮಾರ್ಟಿನಿ. 1897ರ ಸೆಪ್ಟೆಂಬರ್ 12ರಂದು ಸಾರಾಗಢಿಯ ಠಾಣೆಯಲ್ಲಿ ಕೊನೆಯುಸಿರಿನವರೆಗೆ ಕಾದಾಡಿದ 21 ಸಿಖ್ ಸೈನಿಕರ ಕೈಯಲ್ಲಿದ್ದುದು ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಮಾರ್ಟಿನಿ. ಅದೇ ಗಡಿಯಲ್ಲಿ ಅದೇ ವರ್ಷ ಬಿಳಿಯ ಪಲ್ಟನ್ನುಗಳು ಮ್ಯಾಗಜಿನ್ ಇದ್ದ ಲೀ ಮೆಟ್‌ಫರ್ಡ್ ಹಿಡಿದಿದ್ದವು. 1914ರಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದ ಭಾರತೀಯ ಪಡೆಗಳ ಹಳೆಯ ರೈಫಲ್‌ಗಳನ್ನು ಅಲ್ಲಿಯೇ ಪಡೆದುಕೊಂಡು ಹೊಸವನ್ನು ಕೊಟ್ಟರು. ಜರ್ಮನರ ಎದುರು ನಿಲ್ಲಿಸಬೇಕಾಗಿ ಬಂದಾಗ ಸಮಾನ ಆಯುಧ ಕೊಡದೆ ವಿಧಿಯಿರಲಿಲ್ಲ.

ಹಾಗೆ ಕೊಟ್ಟ ಹೊಸ ಕೋವಿಯೇ ನಮ್ಮಲ್ಲಿ ‘ಥ್ರೀ ನಾಟ್ ಥ್ರೀ’ ಎಂದು ಮನೆಮಾತಾದ ಲೀ ಎನ್‌ಫೀಲ್ಡ್. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಅದರ ಸುಮಾರು 4 ಕಿಲೋ ಭಾರ ಭುಜದಲ್ಲಿ ಇನ್ನೂ ನೆನಪಿರಬಹುದು. ಕವಾಯತಿಗೆ ಕೊಡುತ್ತಿದ್ದವುಗಳ ಮೇಲೆ ‘ಡಿ.ಪಿ.’ ಎಂಬ ಅಕ್ಷರಗಳಿರುತ್ತಿದ್ದವು. ಗುಂಡು ಹಾರಿಸಲು ಅಲ್ಲ, ಕವಾಯತಿಗೆ ಮಾತ್ರ ಎಂದು ಅರ್ಥ. ಸಂಗ್ರಹಕಾರರ ಲೆಕ್ಕದಲ್ಲಿ ಅದಕ್ಕೆ ತಳಮಟ್ಟದ ಬೆಲೆ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಹೆಚ್ಚು ಕೈಬದಲಾಗುವ ಹಳೆಯ ಸೇನಾ ರೈಫಲ್‌ಗಳಲ್ಲಿ ಇದೂ ಒಂದು. ತಿಳಿದವನು ಮೊದಲು ನೋಡುವುದು ಬೋಲ್ಟಿನ ಹಿಂದೆ, ಕೈ ಹಿಡಿಯುವ ಜಾಗದ ಬಲಬದಿಯಲ್ಲಿರುವ ಲೋಹದ ಪಟ್ಟಿಯನ್ನು. ಅಲ್ಲಿ ಕಿರೀಟ, ರಾಜನ ಹೆಸರಿನ ಮೊದಲಕ್ಷರ, ಕಾರ್ಖಾನೆ, ವರ್ಷ, ಮಾದರಿ ಎಲ್ಲವೂ ಒಂದರ ಕೆಳಗೊಂದು ಇರುತ್ತವೆ. 1907ರಲ್ಲಿ ಬಂದ ಮಾರ್ಕ್ 3 ಮಾದರಿಯಲ್ಲಿ ಬಹಳ ದೂರಕ್ಕೆ ಗುಂಪಾಗಿ ಗುಂಡು ಹಾರಿಸಲು ಮರದ ಬದಿಯಲ್ಲಿ ಪ್ರತ್ಯೇಕ ಗುರಿ ಇತ್ತು. ಮ್ಯಾಗಜಿನ್ನನ್ನು ಮುಚ್ಚಿಡುವ ಒಂದು ತಗಡೂ ಇತ್ತು. ಮಹಾಯುದ್ಧದ ಕಂದಕಗಳಲ್ಲಿ ಇವೆರಡೂ ವ್ಯರ್ಥವೆಂದು 1916ರ ಹೊತ್ತಿಗೆ ಕೈಬಿಟ್ಟರು. ಹಳೆಯವನ್ನು ರಿಪೇರಿಗೆ ಬಂದಾಗಲೆಲ್ಲ ಕಿತ್ತುಹಾಕಿದರು. ಆದುದರಿಂದ ಇವೆರಡೂ ಉಳಿದುಕೊಂಡ, 1916ಕ್ಕೆ ಹಿಂದಿನ ಕೋವಿಗೆ ಒಳ್ಳೆಯ ಬೆಲೆ.

ಆಮೇಲೆ ನಂಬರುಗಳು. ಚೌಕಟ್ಟಿನ ಮೇಲಿನ ನಂಬರು, ಬೋಲ್ಟಿನ ಹಿಡಿಯ ಮೇಲಿನದು, ನಳಿಗೆಯದು, ಮೂತಿಯ ಲೋಹದ ಟೊಪ್ಪಿಯದು, ಗುರಿಪಟ್ಟಿಯದು ಎಲ್ಲವೂ ಒಂದೇ ಆಗಿದ್ದರೆ ಕೋವಿ ಹುಟ್ಟಿದಾಗಿನಿಂದ ಜತೆಯಾಗಿಯೇ ಇದೆ ಎಂದು ತಿಳಿಯಬೇಕು. ಬೋಲ್ಟಿನ ನಂಬರು ಬೇರೆಯಾದರೆ ಬೆಲೆ ಇಳಿಯುತ್ತದೆ, ಸುರಕ್ಷತೆಯ ಸಂಶಯವೂ ಏಳುತ್ತದೆ. ಹಳೆಯ ನಂಬರಿನ ಮೇಲೆ ಗೆರೆ ಎಳೆದು ಹೊಸತನ್ನು ಕೊರೆದಿದ್ದರೆ ಅದು ಮೋಸವಲ್ಲ, ಸೇನೆಯ ಕಾರ್ಯಾಗಾರದಲ್ಲಿ ಮತ್ತೆ ಜೋಡಿಸಿದ್ದರ ಸಾಕ್ಷಿ. ಮರದ ವಿಷಯದಲ್ಲಿ ಜನ ಎಡವುವುದು ಹೆಚ್ಚು. ಉಜ್ಜಿ, ಪಾಲಿಶ್ ಹಚ್ಚಿ ಮಿರಮಿರ ಮಿನುಗುವಂತೆ ಮಾಡಿದರೆ ಬೆಲೆ ಏರುವುದಿಲ್ಲ. ಮರದ ಮೇಲಿದ್ದ ತಪಾಸಣೆಯ ಸಣ್ಣ ಮುದ್ರೆಗಳು ಮರಳುಕಾಗದದ ಕೆಳಗೆ ಅಳಿಸಿಹೋಗಿರುತ್ತವೆ. ಇನ್ನೂ ದೊಡ್ಡ ನಷ್ಟ ಎಂದರೆ ಎರಡನೆಯ ಮಹಾಯುದ್ಧದ ನಂತರ ಅಗ್ಗವಾಗಿ ಕೊಂಡು ಜಿಂಕೆ ಬೇಟೆಗೆಂದು ಮರವನ್ನೂ ನಳಿಗೆಯನ್ನೂ ಕತ್ತರಿಸಿಕೊಂಡದ್ದು. ಅಂಥ ಕೋವಿಗಳು ಲೆಕ್ಕವಿಲ್ಲದಷ್ಟಿವೆ. ಕತ್ತರಿಸಿದ್ದನ್ನು ಮತ್ತೆ ಬೆಸೆಯಲಾಗದು.

ಕೊಲ್ಕತ್ತಾದ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಇಶಾಪುರದ ಕಾರ್ಖಾನೆಯಲ್ಲಿ ಈ ಕೋವಿ 20ನೇ ಶತಮಾನದ ಮೊದಲ ದಶಕದಿಂದಲೇ ತಯಾರಾಗತೊಡಗಿತು. ಭಾರತದಲ್ಲಿ ಸೇವೆ ಸಲ್ಲಿಸಿದ ಅನೇಕ ಕೋವಿಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿರುತ್ತಾರೆ. ನಮ್ಮ ಸೆಖೆಗೂ ಮಳೆಗೂ ಮರ ಸೀಳದಿರಲೆಂದು ಮಾಡಿದ ಉಪಾಯ ಅದು. ತಿಳಿಯದವರು ಇದನ್ನು ಹಳ್ಳಿ ಬಡಗಿಯ ತೇಪೆ ಎಂದುಕೊಂಡು ಮೂಗು ಮುರಿಯುತ್ತಾರೆ.

1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ 1650 ಸುತ್ತು ಗುಂಡು ಹಾರಿಸಿದ್ದು ಇದೇ 303 ಕೋವಿಗಳಿಂದ. ಹಾರಿಸಿದವರು ಭಾರತೀಯ ಸೇನೆಯ ಸಿಪಾಯಿಗಳೇ. ಅಲ್ಲಿಗೆ ಸಿಪಾಯಿಯ ಮೇಲೆ ನಂಬಿಕೆ ಬಂದಂತಾಯಿತೇನೋ! ಆದರೆ ಪೊಲೀಸರ, ಜೈಲು ಕಾವಲುಗಾರರ ವಿಷಯದಲ್ಲಿ ಸರಕಾರ 1858ರ ಉಪಾಯವನ್ನೇ ಮತ್ತೊಮ್ಮೆ ಮಾಡಿತು. ಇಶಾಪುರದಲ್ಲಿ ಲೀ ಎನ್‌ಫೀಲ್ಡಿನ ನಳಿಗೆಯನ್ನು 0.410 ಇಂಚಿನ ನುಣುಪು ನಳಿಗೆಯಾಗಿಸಿ, ಹತ್ತು ಗುಂಡು ಹಿಡಿಯುವ ಮ್ಯಾಗಜಿನ್ನಿನ ಜಾಗದಲ್ಲಿ ಮರದ ತುಂಡೊಂದನ್ನು ಕೂರಿಸಿ, ಒಂದೊಂದೇ ತೋಟಾ ಹಾಕುವಂತೆ ಮಾಡಿದರು. ಕಿತ್ತುಕೊಂಡು ಹೋದರೂ ಸೇನೆಯ ಎದುರು ಉಪಯೋಗಕ್ಕೆ ಬಾರದಿರಲಿ ಎಂಬ ಲೆಕ್ಕ. ಇವು ಅಮೆರಿಕಕ್ಕೆ ಹೋದ ಮೇಲೆ ಕೆಲವರು ಆ ಮರದ ತುಂಡನ್ನು ಕಿತ್ತು ಎಸೆದು ಮ್ಯಾಗಜಿನ್ ಹಾಕಿಕೊಂಡರು. ಹಾಗೆ ಎಸೆದ ಮರದ ತುಂಡಿನೊಂದಿಗೇ ಕೋವಿಯ ಅರ್ಧ ಬೆಲೆಯನ್ನೂ ಎಸೆದಂತೆ ಎಂದು ನನಗನಿಸುತ್ತದೆ.

ಸ್ವಾತಂತ್ರ್ಯದ ನಂತರ ಇಶಾಪುರದ ಮುದ್ರೆಯಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. 1962ರ ಚೀನಾ ಯುದ್ಧದ ಅನಂತರ ಅದೇ ವಿನ್ಯಾಸವನ್ನು 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ 2ಎ, 2ಎ1 ಎಂಬ ಕೋವಿಗಳನ್ನು ತಯಾರಿಸಿದರು. ಇವು ಹಳೆಯದನ್ನು ಮಾರ್ಪಡಿಸಿದವಲ್ಲ, ಹೊಸದಾಗಿಯೇ ಮಾಡಿದವು. ಯಾವ ಮಹಾಯುದ್ಧವನ್ನೂ ಕಾಣದ ಕೋವಿಯೆಂದು ಸಂಗ್ರಹಕಾರರು ಇದನ್ನು ಬಹಳ ಕಾಲ ಕಡೆಗಣಿಸಿದರು. ಪೊಲೀಸರ 303 ಮಾತ್ರ ನಿವೃತ್ತಿಯಾಗದೆ ದುಡಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಕಲಾಶ್ನಿಕೋವ್ ಹಿಡಿದು ಬಂದ ಹಂತಕರಿಗೆ ಎದುರಾದ ರೈಲ್ವೆ ಪೊಲೀಸರಲ್ಲಿ ಇದ್ದುದೂ 303. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಇನ್ನು ನಕಲಿಗಳ ಮಾತು. ಪೇಶಾವರ ಮತ್ತು ಕೊಹಾಟ್ ನಡುವಿನ ದರ್ರಾ ಆದಮ್ ಖೇಲ್‌ನಲ್ಲಿ ಆಫ್ರಿದಿ ಕಸುಬುದಾರರು ನೂರಕ್ಕೂ ಹೆಚ್ಚು ವರ್ಷಗಳಿಂದ ಕೋವಿ ಮಾಡುತ್ತಾ ಬಂದಿದ್ದಾರೆ. ವಾಯವ್ಯ ಗಡಿಯಲ್ಲಿ ಒಳ್ಳೆಯ ರೈಫಲ್ ಎಂದರೆ ಚಿನ್ನಕ್ಕೆ ಸಮ. ಕಳ್ಳರ ಭಯಕ್ಕೆ ಸೈನಿಕರು ರಾತ್ರಿ ಕೋವಿಯನ್ನು ಸರಪಳಿಯಿಂದ ಮೈಗೆ ಕಟ್ಟಿಕೊಂಡು ಮಲಗುತ್ತಿದ್ದರು. 1895ರಿಂದ ಸಿಪಾಯಿಯ ಸಂಬಳ ತಿಂಗಳಿಗೆ 9 ರೂಪಾಯಿ. ಅವನ ಭುಜದ ಮೇಲಿನ ಕೋವಿಗೆ ಗುಡ್ಡದಾಚೆ ಸಿಗುತ್ತಿದ್ದದ್ದು ಅದರ ಎಷ್ಟೋ ಪಟ್ಟು. ಮಸ್ಕತ್ ಮಾರ್ಗವಾಗಿ ಕಳ್ಳಸಾಗಣೆಯಾಗುತ್ತಿದ್ದ ಕೋವಿಗಳನ್ನು ಬ್ರಿಟಿಷ್ ನೌಕಾಪಡೆ ತಡೆದಷ್ಟೂ ದರ್ರಾದ ಕುಲುಮೆಗೆ ಕೆಲಸ ಹೆಚ್ಚಿತು. ಕೈಯರದಲ್ಲೇ ಮಾಡಿದ ಆ ಕೋವಿಗಳು ಮೊದಲ ನೋಟಕ್ಕೆ ಬರ್ಮಿಂಗ್‌ಹ್ಯಾಮಿನ ಮಾಲೇ.

ಸಿಕ್ಕಿಬೀಳುವುದು ಅಕ್ಷರಗಳಲ್ಲಿ. ಇಂಗ್ಲಿಷ್ ಬಾರದ ಕಸುಬುದಾರ ಕಂಡದ್ದನ್ನು ಚಿತ್ರದಂತೆ ಕೊರೆಯುತ್ತಾನೆ. ‘ಎನ್’ ಅಕ್ಷರ ತಿರುಗಮುರುಗ, ಎನ್‌ಫೀಲ್ಡಿನ ಕಾಗುಣಿತ ತಪ್ಪು, ಕಿರೀಟ ಒಂದು ಕಡೆ ವಾಲಿರುತ್ತದೆ. ವಿಕ್ಟೋರಿಯ ರಾಣಿಯ ‘ವಿ.ಆರ್.’ ಮುದ್ರೆಯ ಕೆಳಗೆ 1919 ಎಂಬ ವರ್ಷ! ರಾಣಿ ತೀರಿಕೊಂಡದ್ದು 1901ರಲ್ಲಿ. 2001ರ ನಂತರ ಅಫ್ಘಾನಿಸ್ತಾನಕ್ಕೆ ಹೋದ ಅಮೆರಿಕದ ಸೈನಿಕರು ಸೇನಾ ನೆಲೆಗಳ ಸಂತೆಗಳಲ್ಲಿ ಮಾರ್ಟಿನಿ, ಎನ್‌ಫೀಲ್ಡ್ ಎಂದು ನಂಬಿ ನೆನಪಿಗೆ ಕೊಂಡೊಯ್ದವುಗಳಲ್ಲಿ ಇಂಥವು ಧಾರಾಳವಾಗಿದ್ದವು. ಇವನ್ನು ಎನ್‌ಫೀಲ್ಡಿನ ಬೆಲೆಗೆ ಮಾರುವುದು ವಂಚನೆ. ಆದರೆ ದರ್ರಾದ ಕೋವಿಯೆಂದೇ ಹೇಳಿ ಮಾರಿದರೆ ಅದಕ್ಕೊಂದು ನ್ಯಾಯವಾದ ಬೆಲೆಯಿದೆ, ಇರಲೂ ಬೇಕು. ಅರ, ಸುತ್ತಿಗೆ, ಕೈಯಿಂದ ತಿರುಗಿಸುವ ಯಂತ್ರಗಳಿಂದ ಒಂದು ಸಾಮ್ರಾಜ್ಯದ ಕಾರ್ಖಾನೆಗೆ ಸವಾಲು ಹಾಕಿದವರ ಕೈಕೆಲಸ ಅದು. ಗುಂಡು ಹಾರಿಸಲು ಮಾತ್ರ ಹೋಗಬಾರದು, ಉಕ್ಕು ಎಲ್ಲಿಯದೋ ಯಾರಿಗೆ ಗೊತ್ತು.

ಕೋವಿಯ ಜತೆಗೆ ಕಥೆಯೂ ಮಾರಾಟಕ್ಕೆ ಬರುತ್ತದೆ. ಇದು ಇಂಥ ಯುದ್ಧದಲ್ಲಿ ಇಂಥವನ ಕೈಯಲ್ಲಿತ್ತು ಎನ್ನುವ ಮಾತಿಗೆ ಕಾಗದದ ಆಧಾರವಿಲ್ಲದಿದ್ದರೆ ಹಳಬರು ಒಂದು ಕಾಸೂ ಹೆಚ್ಚು ಕೊಡುವುದಿಲ್ಲ. ಹಿಡಿಯ ಮರದಲ್ಲಿ ಕೂರಿಸಿದ ಹಿತ್ತಾಳೆಯ ಬಿಲ್ಲೆಯಲ್ಲಿ ಪಲ್ಟನ್ನಿನ ಗುರುತು ಇದ್ದರೆ ಅಷ್ಟು ಕಥೆಯನ್ನು ನಂಬಬಹುದು. ಆಧಾರವಿದ್ದರೆ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಟಿಪ್ಪುವಿನ ಮಲಗುವ ಕೋಣೆಯ ಖಡ್ಗವೇ ಸಾಕ್ಷಿ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅದು 140 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ರೈಫಲ್ಲಿನದೇ ಉದಾಹರಣೆ ಬೇಕಿದ್ದರೆ, ಅಧ್ಯಕ್ಷ ಕೆನಡಿಯವರನ್ನು ಕೊಂದ ಇಟಲಿಯ ಹಳೆಯ ಸೇನಾ ಕೋವಿಯನ್ನು ಆಸ್ವಾಲ್ಡ್ 1963ರ ಮಾರ್ಚ್‌ನಲ್ಲಿ ಅಂಚೆಯ ಮೂಲಕ ತರಿಸಿಕೊಂಡದ್ದು ದುರ್ಬೀನು ಸಹಿತ 19 ಡಾಲರ್ 95 ಸೆಂಟಿಗೆ, ಸಾಗಣೆ ಬೇರೆ. ಅವನಿಂದ ಸರಕಾರ ವಶಪಡಿಸಿಕೊಂಡ ಇತರ ವಸ್ತುಗಳಿಗೆ ಅವನ ವಿಧವೆ ಪರಿಹಾರ ಕೇಳಿದಾಗ ಕೆಳ ನ್ಯಾಯಾಲಯ ಅವನ್ನು ಮಾಮೂಲಿ ಹಳೆಯ ಸಾಮಾನಿನಂತೆ ಎಣಿಸಿತ್ತು. 1973ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂಗ್ರಹಕಾರರು ಏನು ಕೊಡುತ್ತಾರೋ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಕೊಲೆಯಿಂದ ಬೆಲೆ ಏರಿದ ವಸ್ತುವಿಗೆ ಆ ಬೆಲೆಯನ್ನೇ ನ್ಯಾಯವೆನ್ನಬೇಕೇ? ಕಾನೂನು ಹೌದೆಂದಿದೆ, ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

ನಮ್ಮ ದೇಶದಲ್ಲಿ ಇಂಥ ಕೋವಿಗಳ ಪೇಟೆಯೇ ಇಲ್ಲವೆನ್ನಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 303 ನಿಷೇಧಿತ ಬೋರ್‌ಗಳ ಸಾಲಿಗೆ ಸೇರಿದ್ದು. ಹಳೆಯ ಮಾದರಿಯದಾಗಿ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಕೋವಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿಯಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ 10 ವರ್ಷಗಳಿಗೆ ವಿಸ್ತರಿಸಿತು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಕಾಯ್ದೆ ತಡೆಯುತ್ತದೆ. ಅಜ್ಜನ ಕಾಲದ ಕೋವಿ ಅಟ್ಟದಲ್ಲಿ ಸಿಕ್ಕಿದವರು ಬೆಲೆ ಕೇಳುವ ಮೊದಲು ಠಾಣೆಗೆ ತಿಳಿಸುವುದು ಒಳ್ಳೆಯದು. ಅಮೆರಿಕದಲ್ಲಿಯೂ 1898 ಅಥವಾ ಅದಕ್ಕೆ ಮೊದಲು ತಯಾರಾದದ್ದು ಫೆಡರಲ್ ಕಾನೂನಿನಲ್ಲಿ ಪುರಾತನ ವಸ್ತು, ಒಂದು ವರ್ಷ ಈಚಿನದು ಮಾರಕಾಸ್ತ್ರ. ಆದ್ದರಿಂದ ಆ ಒಂದು ವರ್ಷದ ಅಂತರಕ್ಕೂ ಬೆಲೆಯಿದೆ.

ಬೆಲೆ ತಿಳಿಯಲು ವ್ಯಾಪಾರಿಗಳು ಕೇಳುವ ಮೊತ್ತ ನೋಡಿ ಪ್ರಯೋಜನವಿಲ್ಲ. ಹರಾಜಿನಲ್ಲಿ ನಿಜವಾಗಿ ಸಂದ ಮೊತ್ತವನ್ನು, ಅದರ ಮೇಲೆ ಹರಾಜು ಮನೆ ಹಾಕುವ ಕಮಿಷನ್ ಸೇರಿಸಿ, ಅದೇ ಮಾದರಿಯ ಅದೇ ಸ್ಥಿತಿಯ ನಾಲ್ಕಾರು ಕೋವಿಗಳಿಗೆ ಹೋಲಿಸಬೇಕು. ಅದೂ ಶಾಶ್ವತವಲ್ಲ. 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರವೊಂದನ್ನು ಅಮೆರಿಕದ ವ್ಯಾಪಾರಿಗಳು ಸಾರಾಸಗಟಾಗಿ ಕೊಂಡರು. ಕಾಠ್ಮಂಡುವಿನ ಲಗನ್ ಸಿಲೇಖಾನ ಎಂಬ ಹಳೆಯ ಅರಮನೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಸಾವಿರಾರು ಬ್ರೌನ್ ಬೆಸ್, ಬ್ರನ್ಸ್‌ವಿಕ್, ಎನ್‌ಫೀಲ್ಡ್, ಸ್ನೈಡರ್, ಮಾರ್ಟಿನಿಗಳು ಒಮ್ಮೆಲೇ ಪೇಟೆಗೆ ಬಂದವು. ಅಪರೂಪವೆಂದು ಹಿಂದಿನ ದಿನದವರೆಗೆ ಹೆಚ್ಚು ಕೊಟ್ಟವರ ಗತಿ ಊಹಿಸಿಕೊಳ್ಳಬಹುದು. 1857ರ ದಂಗೆಯ ಕಾಲದಲ್ಲಿ ಬ್ರಿಟಿಷರ ನೆರವಿಗೆ ಲಕ್ನೋದವರೆಗೆ ಸೈನ್ಯ ತಂದ ಜಂಗ್ ಬಹಾದುರ್ ರಾಣಾನ ರಾಜ್ಯ ಅದು. ಗ್ರೀಸು, ಮಣ್ಣು ಮೆತ್ತಿಕೊಂಡಂತೆಯೇ, ಒರೆಸದೆ ಮಾರಿದ ಆ ರಾಶಿಯಲ್ಲಿ ಕೊಂಡವನೇ ತೊಳೆದು, ದೀಪ ಇಳಿಸಿ, ಒಳಗೆ ಗೀರು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕಿತ್ತು.